ಬೇವಿನ ನೆರಳಿನ ಬಾನುಲಿ

ರೋಹಿಣಿ ಮಳೆ ಹುಟ್ಟಲು ಇನ್ನೊಂದು ವಾರ. ಕಾನಹೊಸಹಳ್ಳಿಯ ನಮ್ಮ ಓಣಿಯ ಬೇವಿನ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಏಳೆಂಟು ಹೆಂಗಸರು ಬಿತ್ತನೆ ಶೇಂಗಾ ಸುಲಿಯಲು ಕೂತಿದ್ದಾರೆ. ಕಾಯಿಯ ತುದಿಯನ್ನು ಕಲ್ಲಿಗೆ ಒಮ್ಮೆ ಕುಟ್ಟಿ, ಹೆಬ್ಬೆರಳಿನಲ್ಲಿ ಅಮುಕಿದರೆ ಚಿಟ್ ಎಂದು ಬಾಯಿ ಬಿಡುತ್ತದೆ. ಎರಡು ಬೀಜ ಮೊರಕ್ಕೆ, ಸಿಪ್ಪೆ ಹಿಂದಕ್ಕೆ. ಮಿಷನ್ನಿಗೆ ಹಾಕಿದರೆ ಅರ್ಧ ಗಂಟೆಯ ಕೆಲಸ. ಆದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಹರಿದರೆ ಅದು ಮಣ್ಣಿನಲ್ಲಿ ಕೊಳೆಯುತ್ತದೆ, ಮೊಳೆಯುವುದಿಲ್ಲ. ಅದಕ್ಕೇ ಎಣ್ಣೆಯ ಬೀಜ ಮಿಷನ್ನಿಗೆ, ಬಿತ್ತನೆ ಬೀಜ ಕೈಗೆ. ಸಂಜೆಯ ಹೊತ್ತಿಗೆ ಎಲ್ಲರ ಹೆಬ್ಬೆರಳೂ ಊದಿರುತ್ತಿತ್ತು.

ಅವರ ತಲೆಯ ಮೇಲೆ, ಬೇವಿನ ಮೋಟುಕೊಂಬೆಗೆ ನೇತುಹಾಕಿದ್ದು ನಮ್ಮ ಮನೆಯ ಫಿಲಿಪ್ಸ್ ರೇಡಿಯೊ. ಅದಕ್ಕೊಂದು ಕಂದು ಚರ್ಮದ ಅಂಗಿ, ಅಂಗಿಗೆ ಒತ್ತುಗುಂಡಿ. ಸೆಲ್ಲು ಸೊರಗಿ ದನಿ ಗೊಗ್ಗರಾದರೆ ನಮ್ಮವ್ವ ನಾಲ್ಕೂ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಹಪ್ಪಳದ ಜೊತೆ ಬಿಸಿಲಿಗೆ ಇಡುತ್ತಿದ್ದಳು. ಕೆಳಗೆ ಕೂತವರಲ್ಲಿ ಸಹಿ ಮಾಡಲು ಬರುತ್ತಿದ್ದವರು ಇಬ್ಬರು. ಆದರೆ ಆ ನೆರಳಿನಲ್ಲಿ ಹೃದಯದ ಡಾಕ್ಟರು, ಕಾದಂಬರಿಕಾರರು, ಜಾತ್ರೆಗಳ ಬಗ್ಗೆ ಪಿಎಚ್‌ಡಿ ಮಾಡಿದವರು, ಹುಳುವಿನ ತಜ್ಞರು, ವಕೀಲರು ಎಲ್ಲರೂ ಬಂದು ಕೂತು ಹೋಗಿದ್ದಾರೆ. ಸಿನಿಮಾ ಹಾಡು ಬಂದರೆ ಹೆಂಗಸರು ತಮ್ಮ ಮಾತು ಮುಂದುವರಿಸುತ್ತಿದ್ದರು. ಸಂದರ್ಶನ ಶುರುವಾದರೆ ಒಬ್ಬಳಾದರೂ "ಸುಮ್ಕಿರ್ರೇ, ಯಾರೋ ಏನೋ ಹೇಳ್ತಾರೆ" ಅನ್ನುತ್ತಿದ್ದಳು. ಆಗ ಚಿಟ್ ಚಿಟ್ ಸದ್ದಷ್ಟೇ ಉಳಿಯುತ್ತಿತ್ತು.

ರೇಡಿಯೊದ ಲೆಕ್ಕದಲ್ಲಿ ನಮ್ಮೂರು ಎರಡು ಸೀಮೆಗಳ ನಡುವಿನ ಊರು. ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕೂಡ್ಲಿಗಿ ದಾಟಿ ಹೊಸಪೇಟೆ, ದಕ್ಷಿಣಕ್ಕೆ ಹೋದರೆ ಚಿತ್ರದುರ್ಗ. ಹೊಸಪೇಟೆಯ ಆಕಾಶವಾಣಿ 100.5ರಲ್ಲಿ, ಚಿತ್ರದುರ್ಗದ್ದು 102.6ರಲ್ಲಿ. ಎಫ್.ಎಂ. ಅಲೆಗೆ ಕಣ್ಣಳತೆಯ ದಾರಿ ಬೇಕು, ಎದುರಿಗೆ ಗುಡ್ಡ ಬಂದರೆ ನಿಂತುಬಿಡುತ್ತದೆ. ಗುಡೇಕೋಟೆ ಸೀಮೆಯ ಬಂಡೆಗುಡ್ಡಗಳ ಸಂದಿಯಲ್ಲಿ ಅದು ಹೇಗೋ ನುಸುಳಿ ಬಂದು ನಮ್ಮ ಬೇವಿನ ಮರಕ್ಕೆ ಮುಟ್ಟುತ್ತಿತ್ತು. ಗಿಡ್ಡನೆಯ ಕೊಂಬೆಗೆ ಕಟ್ಟಿದರೆ ಚಿತ್ರದುರ್ಗ, ಎತ್ತರದ ಕೊಂಬೆಗೆ ಕಟ್ಟಿದರೆ ಹೊಸಪೇಟೆ. ಇದನ್ನು ಕಂಡುಹಿಡಿದವಳು ನಮ್ಮವ್ವ. ಕೊಂಬೆ ಬದಲಿಸುವ ಕೆಲಸ ನನ್ನದು.

ಆಕಾಶದಿಂದ ಇಳಿದ ಮಾತನ್ನು ಕೇಳುವುದು ನಮ್ಮ ಸೀಮೆಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ಕಾರಣಿಕ ನಡೆಯುತ್ತದೆ. ಲಕ್ಷಗಟ್ಟಲೆ ಜನ ಡೆಂಕನಮರಡಿಯಲ್ಲಿ ನೆರೆದಿರುತ್ತಾರೆ. ಕಂಬಳಿ ಹೊದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ!" ಎಂದು ಕೂಗುತ್ತಾನೆ. ಅಷ್ಟು ಜನರ ಗದ್ದಲ ಒಂದೇ ಉಸಿರಿಗೆ ನಿಲ್ಲುತ್ತದೆ. ಕೈಗೂಸುಗಳ ಅಳುವಷ್ಟೇ ಕೇಳುತ್ತದೆ. ಗೊರವಯ್ಯ ಒಂದೇ ಒಂದು ಸಾಲು ನುಡಿದು ಮೇಲಿನಿಂದ ಹಿಂದಕ್ಕೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲನ್ನು ಜನ ಬಂಡಿಯಲ್ಲಿ, ಬಸ್ಸಿನಲ್ಲಿ ಹೊತ್ತು ತಂದು ವರ್ಷವಿಡೀ ಬಿಡಿಸುತ್ತಾರೆ. ಮಳೆಗೆ ಹೇಳಿದ್ದೋ, ರಾಜ್ಯಕ್ಕೆ ಹೇಳಿದ್ದೋ, ಬೆಳೆಗೆ ಹೇಳಿದ್ದೋ?

ಕಾರಣಿಕವನ್ನು ಕೇಳಬಹುದು, ಅದಕ್ಕೆ ಮರುಪ್ರಶ್ನೆ ಹಾಕುವಂತಿಲ್ಲ. ಅದು ದೇವರ ಮಾತು. ಆದರೆ ಕನ್ನಡದಲ್ಲಿ "ಕೇಳು" ಅಂದರೆ ಕಿವಿಗೊಡು ಅಂತಲೂ ಆಯಿತು, ಪ್ರಶ್ನೆ ಹಾಕು ಅಂತಲೂ ಆಯಿತು. ಹಿಂದಿನವರು ಎರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡಿದ್ದಾರೆ. ಸರಿಯಾಗಿ ಕಿವಿಗೊಟ್ಟವನಿಗೆ ಪ್ರಶ್ನೆ ಹುಟ್ಟಲೇಬೇಕು ಎಂದು ತಿಳಿದವರು ಅವರು. ನಮ್ಮ ಬೇವಿನ ಕೆಳಗೆ ಎಷ್ಟೋ ವರ್ಷ ಮೊದಲನೆಯ ಅರ್ಥವೊಂದೇ ಇತ್ತು. ಎರಡನೆಯದು ಬಂದದ್ದು ಫೋನ್-ಇನ್ ಬಂದ ಮೇಲೆ.

ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಎದುರುಮನೆಯ ದೊಡ್ಡಮ್ಮನಿಗೆ ನಾಲ್ಕೆಕರೆ ಮಸಾರಿ ಹೊಲ. ಎರಡು ವರ್ಷದಿಂದ ಒಂದೇ ಗೋಳು. ಗಿಡ ಹಸಿರಾಗಿ ನಿಲ್ಲುತ್ತದೆ, ಕಿತ್ತರೆ ಗೊಂಚಲು ಕಾಯಿ, ಒಡೆದರೆ ಒಳಗೆ ಬೀಜವಿಲ್ಲ. ದೃಷ್ಟಿಯಾಗಿದೆ ಎಂದು ಹೊಲದ ನಡುವೆ ಮಡಕೆಗೆ ಸುಣ್ಣದ ಬೊಟ್ಟಿಟ್ಟು ನಿಲ್ಲಿಸಿದ್ದಳು. ಆ ದಿನ ಹೊಸಪೇಟೆ ಕೇಂದ್ರದಲ್ಲಿ ಕೃಷಿ ವಿಜ್ಞಾನಿಯೊಬ್ಬರ ಜೊತೆ ನೇರ ಮಾತುಕತೆ. ಟೆಲಿಫೋನ್ ನಂಬರನ್ನು ಉದ್ಘೋಷಕಿ ಎರಡೆರಡು ಸಲ ಬಿಡಿಬಿಡಿಯಾಗಿ ಹೇಳುತ್ತಿದ್ದರು. ದೊಡ್ಡಮ್ಮ ಮೊರ ಪಕ್ಕಕ್ಕಿಟ್ಟು ಎದ್ದಳು. "ಬಾರೋ, ನಂಬರು ಬರಕಾ" ಅಂದಳು. ನಾನು ಅಂಗೈ ಮೇಲೆ ಬರೆದುಕೊಂಡೆ.

ಹೆದ್ದಾರಿ ಪಕ್ಕದ ಎಸ್.ಟಿ.ಡಿ. ಬೂತಿಗೆ ಇಬ್ಬರೂ ಓಡಿದೆವು. ಹಳದಿ ಬೋರ್ಡು, ಗಾಜಿನ ಬಾಗಿಲಿನ ಇಕ್ಕಟ್ಟು ಗೂಡು, ಗೋಡೆಯ ಮೇಲೆ ಕೆಂಪು ಅಂಕಿಯ ಮೀಟರು. ಹತ್ತು ಸಲ ಒತ್ತಿದರೂ ಎಂಗೇಜು. ಹನ್ನೊಂದನೆಯ ಸಲ ಗಂಟೆ ಬಾರಿಸಿತು.

"ಹಲೋ, ಆಕಾಶವಾಣಿ ಹೊಸಪೇಟೆ. ಎಲ್ಲಿಂದ ಮಾತಾಡ್ತಿದ್ದೀರಿ?"

ದೊಡ್ಡಮ್ಮನ ಬಾಯಿ ಒಣಗಿತು. "ಕಾನಹೊಸಳ್ಳಿ" ಅಂದಳು. ಆ ಕ್ಷಣಕ್ಕೇ ಬೂತಿನ ಹೊರಗಿನ ಅಂಗಡಿಯ ರೇಡಿಯೊದಿಂದ "ಕಾನಹೊಸಳ್ಳಿ" ಎಂದು ಅವಳದೇ ದನಿ ಬಂತು. ಅವಳು ಬೆಚ್ಚಿ ರಿಸೀವರನ್ನು ಕಿವಿಯಿಂದ ದೂರ ಹಿಡಿದಳು. ಕುಂಯ್ ಎಂದು ಕೀರಲು ಸದ್ದು. "ಅಮ್ಮಾ, ನಿಮ್ಮ ರೇಡಿಯೊ ಸೌಂಡ್ ಕಡಿಮೆ ಮಾಡಿ" ಎಂದರು ಅತ್ತ ಕಡೆಯವರು. ನಾನು ಹೊರಗೆ ಓಡಿ ಅಂಗಡಿಯವನ ರೇಡಿಯೊದ ಕಿವಿ ಹಿಂಡಿದೆ.

"ಈಗ ಹೇಳ್ರಮ್ಮ."

"ಶೇಂಗಾ ಹಾಕೀವ್ರಿ. ಕಾಯಿ ಹಿಡಿತಾವೆ. ಒಡೆದ್ರೆ ಬರೇ ಜೊಳ್ಳು."

ಮೀಟರಿನ ಅಂಕಿ ಜಿಗಿಯಿತು. ಆ ವಿಜ್ಞಾನಿ ತಕ್ಷಣ ಉತ್ತರ ಕೊಡಲಿಲ್ಲ. "ಹೊಲ ಎರೆಯೋ, ಮಸಾರಿಯೋ?" ಎಂದು ಕೇಳಿದರು. ಮಸಾರಿ ಎಂದಳು. "ಗಿಡ ಹೆಂಗಿರ್ತೈತೆ?" ಚೆನ್ನಾಗಿರ್ತೈತೆ ಎಂದಳು. "ಜಿಪ್ಸಂ ಕೊಡ್ತೀರಾ?" ಅದೇನೆಂದು ಅವಳಿಗೆ ಗೊತ್ತಿರಲಿಲ್ಲ. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ಮಾತುಮಾತು ನೆನಪಿದೆ. ಶೇಂಗಾ ಗಿಡ ಹೂ ಬಿಟ್ಟು, ಆ ಹೂವಿನಿಂದ ಸೂಜಿಯಂಥದ್ದು ಮಣ್ಣಿಗೆ ಇಳಿಯುತ್ತದೆ, ಅದರ ತುದಿಯಲ್ಲೇ ಕಾಯಿ. ಬೇರು ಹೀರಿದ ಸುಣ್ಣದಂಶ ಎಲೆಗೆ ಏರುತ್ತದೆ, ತಿರುಗಿ ಕಾಯಿಗೆ ಇಳಿಯುವುದಿಲ್ಲ. ಕಾಯಿ ತನಗೆ ಬೇಕಾದ್ದನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಮಣ್ಣಿನಲ್ಲಿ ಅದು ಇಲ್ಲದಿದ್ದರೆ ಗಿಡ ಎಷ್ಟು ಹಸಿರಿದ್ದರೂ ಕಾಯಿ ಜೊಳ್ಳು. ಸೂಜಿ ಇಳಿಯುವ ಹೊತ್ತಿಗೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಬುಡಕ್ಕೆ ಕೊಟ್ಟು ಮಣ್ಣೇರಿಸಿ ಎಂದರು.

ನಾವು ಬೇವಿನ ಮರಕ್ಕೆ ವಾಪಸು ಬರುವ ಹೊತ್ತಿಗೆ ಸುಲಿಯುವವರೆಲ್ಲ ಕೈ ಬಿಟ್ಟು ಕೂತಿದ್ದರು. ದೊಡ್ಡಮ್ಮನ ದನಿ ಅವರ ನೆತ್ತಿಯ ಮೇಲಿನಿಂದ ಬಂದಿತ್ತು. ಒಬ್ಬಳು ಅವಳ ಮೈ ಮುಟ್ಟಿ ನೋಡಿದಳು. ವಿಜ್ಞಾನಿ ಹೇಳಿದ್ದು ಅರ್ಥವಾಯಿತೇ ಎಂದು ನಮ್ಮವ್ವ ಕೇಳಿದ್ದಕ್ಕೆ ದೊಡ್ಡಮ್ಮ, "ಆಗ್ದೇನು? ಹೊಟ್ಟೇಲಿದ್ದಾಗ ತಾಯಿ ಉಂಡಿದ್ದು ಸಾಕು. ನೆಲಕ್ಕೆ ಬಿದ್ದಮ್ಯಾಲೆ ಕೂಸೇ ಚೀಪ್ಬೇಕು" ಅಂದಳು.

ಆ ವರ್ಷ ಅವಳ ಕಾಯಿ ತುಂಬಿದ್ದವು. ಮಳೆಯೂ ಚೆನ್ನಾಗಿ ಬಂದಿತ್ತು ಎಂದು ಅವಳೇ ಹೇಳುತ್ತಿದ್ದಳು, ಎಲ್ಲ ಕೀರ್ತಿಯನ್ನೂ ಜಿಪ್ಸಮ್ಮಿಗೆ ಕೊಡಲಿಲ್ಲ. ನನಗೆ ಮುಖ್ಯವೆನಿಸುವುದು ಬೇರೆ. ಆ ತಜ್ಞರು ಮೂರು ಪ್ರಶ್ನೆ ಕೇಳಿ ಆಮೇಲೆ ಉತ್ತರ ಹೇಳಿದರು. ನಾಲ್ಕೆಕರೆ ಮಸಾರಿಯ ಹೆಂಗಸೊಬ್ಬಳನ್ನು ಓದಿದವರೊಬ್ಬರು ನಾಡಿಗೆಲ್ಲ ಕೇಳುವಂತೆ "ಹೆಂಗಿರ್ತೈತೆ?" ಎಂದು ವಿಚಾರಿಸಿದ್ದು ಅದೇ ಮೊದಲು. ಅವಳು ತಲೆಯೆತ್ತಿ ನಡೆದು ಊರಿಗೆ ವಾಪಸು ಬಂದದ್ದನ್ನು ನಾನು ಪಕ್ಕದಲ್ಲಿದ್ದು ನೋಡಿದ್ದೇನೆ.

ಇನ್ನೊಂದು ಮಾತುಕತೆ ನನ್ನ ಸ್ವಂತದ್ದು. ನಮ್ಮ ಸೀಮೆಯ ಬಹಳ ಮಕ್ಕಳಂತೆ ನನ್ನ ಮುಂದಿನ ಹಲ್ಲುಗಳ ಮೇಲೂ ಕಂದು ಪಟ್ಟೆಗಳಿದ್ದವು. ಶಾಲೆಯಲ್ಲಿ ಒಬ್ಬ ಮೇಷ್ಟ್ರು ನಮ್ಮಂಥವರನ್ನು ಸಾಲಾಗಿ ನಿಲ್ಲಿಸಿ, ಹಲ್ಲು ತಿಕ್ಕದ ಮಕ್ಕಳು ಎಂದು ಉಳಿದವರಿಗೆ ತೋರಿಸುತ್ತಿದ್ದರು. ನಾನು ಇದ್ದಿಲು, ಉಪ್ಪು, ಬೇವಿನಕಡ್ಡಿ ಎಲ್ಲದರಲ್ಲೂ ವಸಡು ರಕ್ತ ಬರುವ ತನಕ ತಿಕ್ಕಿದ್ದೆ. ಹೋಗಲಿಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ರೂಢಿಯಾಗಿತ್ತು. ಒಂದು ಸಂಜೆ ರೇಡಿಯೊದಲ್ಲಿ ಹಲ್ಲಿನ ವೈದ್ಯರೊಬ್ಬರ ಸಂದರ್ಶನ. ಬಳ್ಳಾರಿ, ಚಿತ್ರದುರ್ಗದ ಕಡೆ ಈ ಕಲೆ ಹೆಚ್ಚು, ಇದು ಕೊಳೆಯಲ್ಲ, ನೀರಿನಲ್ಲಿರುವ ಫ್ಲೋರೈಡು ಎಂದರು. ನಮ್ಮ ನೆಲದಡಿಯ ಗಟ್ಟಿ ಕಲ್ಲಿನಿಂದ ಅದು ಬೋರಿನ ನೀರಿಗೆ ಇಳಿಯುತ್ತದೆ, ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದರೆ ಹೀಗಾಗುತ್ತದೆ, ಕಾಯಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಮಂದವಾಗುತ್ತದೆ. "ಹಾಗಾದರೆ ಇದು ಮಕ್ಕಳ ತಪ್ಪಲ್ಲ?" ಎಂದು ಸಂದರ್ಶಕಿ ಕೇಳಿದರು. "ಖಂಡಿತ ಅಲ್ಲ" ಎಂದರು ವೈದ್ಯರು.

ಆ ಪ್ರಶ್ನೆ ಕೇಳಿದ ಹೆಣ್ಣುಮಗಳಿಗೆ ನಾನು ಋಣಿ. ವೈದ್ಯರು ತಾವಾಗಿ ಆ ಮಾತು ಹೇಳುತ್ತಿರಲಿಲ್ಲ, ಅವರ ಲೆಕ್ಕದಲ್ಲಿ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಯಾವುದೋ ಊರಿನ ಯಾವುದೋ ಹುಡುಗ ಬಾಯಿ ಮುಚ್ಚಿಕೊಂಡು ಕೂತಿರಬಹುದು ಎಂದು ಊಹಿಸಿ ಅವನ ಪರವಾಗಿ ಕೇಳುವುದೇ ಸಂದರ್ಶಕರ ಕೆಲಸ. ಆ ರಾತ್ರಿ ಅವ್ವ ನನ್ನ ಗಲ್ಲ ಹಿಡಿದು ಚಿಮಣಿ ಬೆಳಕಿನಲ್ಲಿ ಹಲ್ಲು ನೋಡಿದಳು. ಏನೂ ಅನ್ನಲಿಲ್ಲ.

ಸಾಹಿತಿಗಳು ಬರುತ್ತಿದ್ದದ್ದು ರಾತ್ರಿ. ಊಟ ಮುಗಿದು ಅಂಗಳದಲ್ಲಿ ಕಂಬಳಿ ಹಾಸಿದ ಮೇಲೆ ರೇಡಿಯೊದ ಪಟ್ಟಿ ಬದಲಿಸಿ ಮೀಡಿಯಂ ವೇವಿಗೆ, ಧಾರವಾಡದ 765ಕ್ಕೆ. ಧಾರವಾಡ ನಮ್ಮಿಂದ ನೂರೈವತ್ತು ಕಿಲೋಮೀಟರಿಗೂ ಆಚೆ. ಹಗಲಲ್ಲಿ ಅದರ ಅಲೆ ನೆಲ ಹಿಡಿದು ಬರುತ್ತದೆ. ಕತ್ತಲಾದ ಮೇಲೆ ಮೇಲಿನ ಗಾಳಿಪದರಕ್ಕೆ ತಾಕಿ ಮರಳುವ ಅಲೆಯೂ ಸೇರಿಕೊಂಡು ದನಿ ಒಮ್ಮೆ ಉಕ್ಕುತ್ತದೆ, ಒಮ್ಮೆ ತಗ್ಗುತ್ತದೆ. ನಡುವೆ ತೆಲುಗು, ತಮಿಳು, ಯಾವುದೋ ದೂರದ ದೇಶದ ಸಂಗೀತ. ಕವಿಯೊಬ್ಬರು ತಮ್ಮ ಬಾಲ್ಯ ಹೇಳುತ್ತಿದ್ದರೆ ಅದು ಅಲೆಯ ಮೇಲೆ ತೇಲಿ ಬಂದಂತೆ ಬರುತ್ತಿತ್ತು. ತಗ್ಗಿದಾಗ ತಪ್ಪಿಹೋದ ಮಾತನ್ನು ನಾವು ನಾವೇ ತುಂಬಿಕೊಳ್ಳುತ್ತಿದ್ದೆವು.

ಧಾರವಾಡ ಕೇಂದ್ರ ಶುರುವಾದದ್ದು 1950ರ ಜನವರಿಯಲ್ಲಿ. 1956ರಿಂದ ವರಕವಿ ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು. ಮಾತಿನ ಲಯವನ್ನೇ ಉಸಿರಾಡಿದವರಿಗೆ ಮಾತಿನದೇ ಮನೆ ಸಿಕ್ಕಿತ್ತು. ಎನ್ಕೆ ಕುಲಕರ್ಣಿಯವರಂಥ ಬರಹಗಾರರು ಆ ಕೇಂದ್ರದ ಒಳಗೇ ದುಡಿದವರು. ಅದಕ್ಕೂ ಹಿಂದೆ, 1935ರಲ್ಲಿ, ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ ನಾಡಿಗೆ "ಆಕಾಶವಾಣಿ" ಎಂಬ ಹೆಸರು ದೊರೆಯುವಂತೆ ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡದ ರೇಡಿಯೊವನ್ನು ಕಟ್ಟಿದ ಕೈಗಳಲ್ಲಿ ಮನಸ್ಸನ್ನು ಓದುವವರೂ ಮಾತನ್ನು ಹಾಡುವವರೂ ಇದ್ದರೆಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಒಂದು ರಾತ್ರಿ ಕಥೆಗಾರರೊಬ್ಬರು ಮಾತಾಡುತ್ತಿದ್ದರು. ಐದು ನಿಮಿಷ ಕೇಳಿದ ಅವ್ವ ತಟ್ಟನೆ ಎದ್ದು ಕೂತಳು. "ಏ, ಇವ್ರು ನಮ್ಮಂಗೇ ಮಾತಾಡ್ತಾರಲ್ಲೋ!" ಅಲ್ಲಿಯ ತನಕ ರೇಡಿಯೊದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ ಎಂದೇ ಅವಳು ತಿಳಿದಿದ್ದಳು. ನಮ್ಮ ಸೀಮೆಯ ಮಾತು ಪುಸ್ತಕಕ್ಕೆ ಬರದಿದ್ದದ್ದೇನಲ್ಲ. ಬೀಚಿ 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಭಾಗದ ನುಡಿಯನ್ನು ಇದ್ದ ಹಾಗೇ ಎತ್ತಿ ಕಾದಂಬರಿಯೊಳಗೆ ತಂದರು, "ಅರಮನೆ"ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಅವ್ವ ಓದಿದವಳಲ್ಲ. ಅವಳ ಪಾಲಿಗೆ ಸಾಹಿತ್ಯದಲ್ಲಿ ತನ್ನ ಮಾತಿದೆ ಎಂಬುದು ಸಾಬೀತಾದದ್ದು ಆ ರಾತ್ರಿ, ಕಿವಿಯ ಮೂಲಕ. ಮಾರನೆಯ ದಿನ ಬೇವಿನ ಕೆಳಗೆ ಎಲ್ಲರಿಗೂ ಅದನ್ನೇ ಹೇಳಿದಳು.

ದೊಡ್ಡವನಾದ ಮೇಲೆ ನಾನು ಒಂದು ಸಲ ಸ್ಟುಡಿಯೊದೊಳಗೆ ಕೂತೆ. ಜಾನಪದ ವಿದ್ವಾಂಸರೊಬ್ಬರ ಜೊತೆಗೆ ಹೋಗಿದ್ದೆ. ಒಂದರ ಹಿಂದೊಂದು ಎರಡು ದಪ್ಪ ಬಾಗಿಲು. ಒಳಗೆ ಕಾಲಿಟ್ಟರೆ ನಮ್ಮದೇ ಉಸಿರು ಕೇಳುವಷ್ಟು ಮೌನ. ಗೋಡೆಯ ತುಂಬ ಸಣ್ಣ ಸಣ್ಣ ತೂತು. ಕಾಗದ ಸರಿದರೆ ಸದ್ದಾಗದಿರಲೆಂದು ಮೇಜಿಗೆ ಮೆತ್ತನೆ ಬಟ್ಟೆ. ಗಾಜಿನಾಚೆ ಕಿವಿಗೆ ಹೆಡ್‌ಫೋನ್ ಹಾಕಿದ ಒಬ್ಬರು. ಕೆಂಪು ದೀಪ ಹತ್ತಿತು.

ಸಂದರ್ಶಕರು ನಡುವಯಸ್ಸಿನವರು. ಅತಿಥಿ ಮಾತಾಡುವಾಗ ಅವರು ಒಂದು ಸಲವೂ "ಹೂಂ" ಅನ್ನಲಿಲ್ಲ, ಬರೀ ತಲೆಯಾಡಿಸುತ್ತಿದ್ದರು. ಹೂಂಗುಟ್ಟಿದರೆ ಅದು ಮಾತಿನ ಮೇಲೆ ಬೀಳುತ್ತದೆ, ಕೇಳುಗನಿಗೆ ತೊಂದರೆ. ಆದರೆ ತಲೆಯಾಡಿಸದಿದ್ದರೆ ಎದುರಿನವರ ಮಾತು ಬತ್ತುತ್ತದೆ. ಅವರು ಕಣ್ಣಿನಲ್ಲೇ ಹೂಂಗುಡುತ್ತಿದ್ದರು.

ವಿದ್ವಾಂಸರು ಶುರು ಮಾಡಿದ್ದು ಪುಸ್ತಕದ ಕನ್ನಡದಲ್ಲಿ. ಮೌಖಿಕ ಪರಂಪರೆ, ಸಮುದಾಯ, ಸಂರಚನೆ. ಎಲ್ಲವೂ ಸರಿಯಾದ ಮಾತೇ. ನಾಲ್ಕೈದು ನಿಮಿಷವಾಯಿತು. ಸಂದರ್ಶಕರು ಬರೆದುಕೊಂಡು ಬಂದಿದ್ದ ಹಾಳೆಯನ್ನು ಸದ್ದಿಲ್ಲದೆ ಬೋರಲು ಹಾಕಿದರು. "ಸರ್, ನಿಮ್ಮವ್ವ ಬೀಸಾಕ ಕೂತಾಗ ನೀವು ಎಲ್ಲಿ ಕೂತಿರ್ತಿದ್ರಿ?" ಎಂದರು.

ವಿದ್ವಾಂಸರು ಬಾಯಿ ತೆರೆದವರು ಹಾಗೇ ನಿಂತರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನಾನು ನೋಡುತ್ತಿದ್ದಂತೆ ಒಂದು, ಎರಡು, ಮೂರು... ಏಳು ಗೀಟು ದಾಟಿತು. ರೇಡಿಯೊದಲ್ಲಿ ಏಳು ಸೆಕೆಂಡು ಮೌನ ಬಹಳ ದೊಡ್ಡದು, ಕೇಳುಗ ಸ್ಟೇಷನ್ ಕೆಟ್ಟಿತೆಂದು ಕಿವಿ ಹಿಂಡುತ್ತಾನೆ. ಗಾಜಿನಾಚೆಯವರು ತಲೆಯೆತ್ತಿದರು. ಸಂದರ್ಶಕರು ಆ ಮೌನಕ್ಕೆ ಕೈ ಹಾಕಲಿಲ್ಲ, ಇನ್ನೊಂದು ಪ್ರಶ್ನೆ ಒಗೆಯಲಿಲ್ಲ.

"ಕಲ್ಲಿಗೆ ತಲಿ ಆನಿಸಿ ಮಕ್ಕೊಂತಿದ್ನಿ" ಎಂದರು ವಿದ್ವಾಂಸರು. ದನಿಯೇ ಬೇರೆಯಾಗಿತ್ತು. "ಹಿಟ್ಟು ನನ್ನ ತಲಿ ಮ್ಯಾಲೆ ಬೀಳ್ತಿತ್ತು." ಅಲ್ಲಿಂದ ಮುಂದೆ ಇಪ್ಪತ್ತು ನಿಮಿಷ ಅವರು ತಡೆಯಿಲ್ಲದೆ ಮಾತಾಡಿದರು. ಅವರ ಪುಸ್ತಕಗಳನ್ನೆಲ್ಲ ಓದಿದ್ದ ನನಗೆ ಅದರಲ್ಲಿ ಮುಕ್ಕಾಲು ಪಾಲು ಹೊಸದು. ಪ್ರಸಾರವಾದ ದಿನ ಕಿವಿಗೊಟ್ಟು ಕಾದೆ. ಆ ಮೌನವನ್ನು ಕತ್ತರಿಸಿರಲಿಲ್ಲ. ಪೂರ್ತಿ ಇತ್ತು.

ಟೇಪಿನ ಸುರುಳಿ ದುಬಾರಿಯಾಗಿದ್ದ ಕಾಲದಲ್ಲಿ ಒಂದು ಮಾತುಕತೆಯನ್ನು ಅಳಿಸಿ ಅದೇ ಸುರುಳಿಯ ಮೇಲೆ ಇನ್ನೊಂದನ್ನು ಮುದ್ರಿಸಿಕೊಳ್ಳುವುದು ಜಗತ್ತಿನ ಪ್ರಸಾರ ಸಂಸ್ಥೆಗಳ ವಾಡಿಕೆಯಾಗಿತ್ತು, ಬಿಬಿಸಿಯಂಥದ್ದೂ ಹೊರತಲ್ಲ. ಎಷ್ಟು ಕವಿಗಳ ನಗು, ಎಷ್ಟು ವೈದ್ಯರ ಕೆಮ್ಮು ಹಾಗೆ ಹೋಗಿವೆಯೋ ಎಂದು ನೆನೆದರೆ ಸಂಕಟವಾಗುತ್ತದೆ. ಇವತ್ತು ಜಾಗದ ಕೊರತೆಯಿಲ್ಲ. ಗಂಟೆಗಟ್ಟಲೆ ಸಂದರ್ಶನಗಳು ಮೊಬೈಲಿನಲ್ಲಿವೆ, ಹೆದ್ದಾರಿಯ ಡಾಬಾದಲ್ಲಿ ಲಾರಿ ನಿಲ್ಲಿಸಿದ ಡ್ರೈವರು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತ ರೊಟ್ಟಿ ತಿನ್ನುತ್ತಾನೆ. ಕೇಳಲಿ, ಒಳ್ಳೆಯದೇ. ಆದರೆ ಅಲ್ಲಿ ಒಂದು ಕಿವಿಗೆ ಒಂದು ದನಿ. ಪಕ್ಕದವನಿಗೆ ಏನು ಕೇಳುತ್ತಿದೆಯೆಂದು ಇವನಿಗೆ ತಿಳಿಯದು, ಕೇಳಿದ್ದನ್ನು ತಿರುಗಿಸಿ "ಕೂಸೇ ಚೀಪ್ಬೇಕು" ಎಂದು ಹೇಳುವ ದೊಡ್ಡಮ್ಮನೂ ಅಲ್ಲಿಲ್ಲ. ನನಗೆ ಬೇಕೆನಿಸುವುದು ಆ ಬೇವಿನ ನೆರಳು, ಒಂದೇ ದನಿಯ ಕೆಳಗೆ ಎಂಟು ಜನ.

ಮೊನ್ನೆ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಬೇವಿನ ಮರ ಇದೆ, ಶೇಂಗಾಕ್ಕಿಂತ ಮೆಕ್ಕೆಜೋಳ ಹೆಚ್ಚಾಗಿದೆ. ಆದರೂ ಮೂವರು ಹೆಂಗಸರು ಬಿತ್ತನೆ ಬೀಜ ಸುಲಿಯುತ್ತಿದ್ದರು, ಅವರ ನಡುವೆ ನಮ್ಮವ್ವ. ಈಗ ಕಾಯಿ ಒಡೆಯಲು ಅವಳಿಗೆ ಶಕ್ತಿಯಿಲ್ಲ, ಸುಲಿದ ಬೀಜದಲ್ಲಿ ಮುರುಕು ಆರಿಸುತ್ತಾಳೆ. ರೇಡಿಯೊ ಕೊಂಬೆಯ ಮೇಲಿಲ್ಲ, ಅವಳ ಮಗ್ಗುಲಲ್ಲಿ ಗೋಣಿತಾಟಿನ ಮೇಲಿದೆ. ಚರ್ಮದ ಅಂಗಿ ಹರಿದು ದಾರ ಸುತ್ತಿದ್ದಾಳೆ. ಹೊಸಪೇಟೆ ಅಷ್ಟು ಕೆಳಗೆ ಸರಿಯಾಗಿ ಸಿಗುವುದಿಲ್ಲ. ಅವಳು ಎಡಗೈಯಲ್ಲಿ ಏರಿಯಲ್ಲಿನ ತುದಿ ಹಿಡಿದುಕೊಂಡಿದ್ದಳು. ಕೈ ಹಿಡಿದರೆ ದನಿ ತಿಳಿಯಾಗುತ್ತದೆ, ಬಿಟ್ಟರೆ ಕರಕರ.

ಯಾರೋ ಮಳೆ ತಜ್ಞರ ಸಂದರ್ಶನ. ಈ ಸಲದ ಮುಂಗಾರಿನ ಬಗ್ಗೆ ಹೇಳುತ್ತಿದ್ದರು. ಸಂದರ್ಶಕಿ, "ಹಿಂದಿನವರು ಮಳೆಯ ಸೂಚನೆಯನ್ನು ಹೇಗೆ ತಿಳಿಯುತ್ತಿದ್ದರು?" ಎಂದು ಕೇಳಿದರು. ತಜ್ಞರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವ್ವ ಏರಿಯಲ್ಲಿನಿಂದ ಕೈ ತೆಗೆಯದೆ, ರೇಡಿಯೊದ ಕಡೆ ವಾಲಿ, "ಇರುವೆ ಮೊಟ್ಟೆ ಹೊತ್ಕೊಂಡು ಗ್ವಾಡಿ ಏರ್ತಾವಲ್ಲಮ್ಮ, ಅದ್ನ ನೋಡಿ" ಎಂದಳು.